ವೇನ್ ಹಾಕಿದ್ದು ಯಾರು

"ಅದನ್ನ ಹೊಸ್ತಿಲು ದಾಟಿಸಬೇಡಿ," ಎಂದು ಸತ್ತವನ ಮಗಳು ಹೂಚಕ್ರವನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದಳು. ಅದನ್ನು ಹಿಡಿದಿದ್ದ ಕಾರ್ಖಾನೆಯ ಡ್ರೈವರ್ ಒಂದು ಮೆಟ್ಟಿಲು ಕೆಳಗಿಳಿದ. ಹೂವಿನ ಮೇಲೆ ಅಡ್ಡಕ್ಕೆ ಕಟ್ಟಿದ ಪಟ್ಟಿಯಲ್ಲಿ 'ಮೂವತ್ತೊಂದು ವರ್ಷಗಳ ನಿಷ್ಠಾವಂತ ಸೇವೆಗೆ' ಎಂದಿತ್ತು.

"ನಾನು ಬರೀ ತಂದುಕೊಡೋನು, ತಾಯಿ."

"ಗೊತ್ತು. ನಿಮ್ಮ ಮೇಲೆ ಸಿಟ್ಟಿಲ್ಲ. ಕಾರಲ್ಲಿ ಮ್ಯಾನೇಜರ್ ಕೂತಿದ್ದಾರಲ್ಲ, ಅವರಿಗೆ ಕೊಡಿ. ಮಡಿಲಲ್ಲಿ ಇಟ್ಕೊಂಡಿರ್ಲಿ."

ಒಳಗೆ ಮುಂದಿನ ಕೋಣೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಹೆಂಡತಿ ಗಂಡನ ತಲೆಯ ಹತ್ತಿರ ಕೂತಿದ್ದಳು. ಕಾಲ ಬಳಿ ಕೂತಿದ್ದವನನ್ನು ಎಲ್ಲರೂ ಗಿಡ್ಡ ಎಂದೇ ಕರೆಯುತ್ತಿದ್ದರು. ಸತ್ತವನ ಜೊತೆ ಒಂದೇ ಪಂಪುಮನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದ ಎರಡನೇ ಫಿಟ್ಟರ್. ಬೆಳಗಿನಿಂದ ಅವನು ನೀರನ್ನೂ ಮುಟ್ಟಿರಲಿಲ್ಲ.

"ಇವರಿಗೆ ಮೆಲ್ಲಗೆ ಮೇಸ್ತ್ರಿ ಅಂತ ಹೆಸರಿಟ್ಟಿದ್ದೇ ನಾನು," ಎಂದ ವೆಲ್ಡರ್, ಯಾರಾದರೂ ಏನಾದರೂ ಮಾತಾಡಲಿ ಎಂಬಂತೆ. "ಒಂದು ನಟ್ ಬಿಚ್ಚೋಕೆ ಮುಂಚೆ ಅದರ ಹತ್ರ ಯೋಗಕ್ಷೇಮ ವಿಚಾರಿಸ್ತಿದ್ರು."

ಒಂದಿಬ್ಬರು ನಕ್ಕರು. ಹೆಂಡತಿ ನಗಲಿಲ್ಲ.

"ಅಂಥವರನ್ನ ಹನ್ನೊಂದು ತಿಂಗಳು ಗೇಟಲ್ಲಿ ಕೂರಿಸಿದ್ರು," ಎಂದಳು. "ಲಾರಿ ನಂಬರ್ ಬರ್ಕೊಳ್ಳೋಕೆ. ಸ್ಟೂಲ್ ಮೇಲೆ ಜೀವ ಹೋಗಿದೆ. ಲಾರಿಯವನು ತೂಕಡಿಸ್ತಿದ್ದಾರೆ ಅಂದ್ಕೊಂಡು ಹಾರನ್ ಹೊಡ್ದನಂತೆ."

ಗಿಡ್ಡ ತಲೆ ತಗ್ಗಿಸಿದ.

*

ಹಾಲಿನ ಪುಡಿಯ ಚೀಲಗಳಿಂದ ಗಾಳಿ ಹೀರಿ ತೆಗೆಯುವ ಪಂಪು ಅದು. ದುಂಡನೆಯ ಗೂಡಿನೊಳಗೆ ನಡುವಿನಿಂದ ಒಂದು ಪಕ್ಕಕ್ಕೆ ಸರಿದು ಕೂತ ತಿರುಗುವ ಉರುಳೆ, ರೋಟರ್. ಅದರ ಉದ್ದುದ್ದದ ಸೀಳುಗಳಲ್ಲಿ ಮೂರು ಚಪ್ಪಟೆ ಪಟ್ಟಿಗಳು. ಅವೇ ವೇನ್‌ಗಳು. ರೋಟರ್ ತಿರುಗಿದಾಗ ವೇನ್‌ಗಳು ಹೊರಜಾರಿ ಗೋಡೆಯನ್ನು ಸವರುತ್ತ ಗಾಳಿಯನ್ನು ದಬ್ಬುತ್ತವೆ. ಸೀಳಿನಲ್ಲಿ ಸಲೀಸಾಗಿ ಜಾರುವುದೊಂದೇ ಅವುಗಳ ಕೆಲಸ.

ಮೇಸ್ತ್ರಿ ಪಂಪನ್ನು ಬಿಚ್ಚುವ ಕ್ರಮ ಎಂದೂ ಬದಲಾಗುತ್ತಿರಲಿಲ್ಲ. ವಿದ್ಯುತ್ ತೆಗೆದು ಸ್ವಿಚ್ಚಿಗೆ ಬೀಗ; ಕೀಲಿ ತನ್ನ ಜೇಬಿಗೆ. ಎಣ್ಣೆ ಬೆಚ್ಚಗಿರುವಾಗಲೇ ಅದನ್ನು ಇಳಿಸಬೇಕು, ಕೊಳೆಯೂ ಜೊತೆಗೇ ಬರುತ್ತದೆ. ಆಮೇಲೆ ಪಕ್ಕದ ಮುಚ್ಚಳ. ವೇನ್‌ಗಳನ್ನು ಬೆರಳಲ್ಲೇ ಎಳೆದು, ಯಾವುದು ಯಾವ ಸೀಳಿನದು, ಯಾವ ಅಂಚು ಯಾವ ಕಡೆ ಎಂದು ಗುರುತು ಮಾಡಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ.

ಹನ್ನೊಂದು ತಿಂಗಳ ಹಿಂದೆ ಒಂದು ದಿನ ಮ್ಯಾನೇಜರ್ ತರಿಸಿಕೊಟ್ಟ ಹೊಸ ವೇನ್‌ಗಳನ್ನು ಅವನು ಅಳೆದು ನೋಡಿ ಡಬ್ಬಿಗೆ ವಾಪಸ್ ಹಾಕಿದ.

"ಇವು ದಪ್ಪ ಜಾಸ್ತಿ ಸಾರ್. ಬೇರೆ ಪಂಪಿನವು."

"ಒಳಗೆ ಹೋಗತ್ತೋ ಇಲ್ವೋ?"

"ತಣ್ಣಗಿರೋವಾಗ ಹೋಗತ್ತೆ. ಬಿಸಿಯಾದ್ಮೇಲೆ ಉಬ್ಬಿ ಸೀಳಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ. ನಾನು ಹಾಕಲ್ಲ."

"ನಿನ್ನನ್ನ ಕೇಳಿ ಕಾರ್ಖಾನೆ ನಡೆಸಬೇಕೇನಯ್ಯಾ?"

ಮೇಸ್ತ್ರಿ ಕೈ ಒರೆಸಿಕೊಂಡು ಊಟಕ್ಕೆ ಹೋದ. ಅವನು ಬರುವಷ್ಟರಲ್ಲಿ ಆಫೀಸಿನ ಇನ್ನೊಂದು ಕೀಲಿಯಲ್ಲಿ ಸ್ವಿಚ್ಚಿನ ಬೀಗ ತೆಗೆದಿದ್ದರು, ಪಂಪು ಓಡುತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ಅದು ಒಮ್ಮೆ ಕಿರುಚಿ ನಿಂತುಬಿಟ್ಟಿತು.

*

ಸ್ಮಶಾನದಲ್ಲಿ ಪೆಟ್ಟಿಗೆ ಗುಂಡಿಗಿಳಿದ ಮೇಲೆ ಮ್ಯಾನೇಜರ್ ಕನ್ನಡಕ ಹಾಕಿಕೊಂಡು ಜೇಬಿನಿಂದ ಕಾಗದ ತೆಗೆದ.

"ನಮ್ಮ ಸಂಸ್ಥೆಯ ಕುಟುಂಬದ ಹಿರಿಯ ಸದಸ್ಯರಾದ..."

"ನಿಲ್ಲಿಸಿ," ಎಂದಳು ಮಗಳು. ಅವಳು ಕನ್ನಡಕದಂಗಡಿಯಲ್ಲಿ ಗಾಜು ತೇಯುವವಳು, ದನಿ ಎತ್ತರಿಸಿ ಮಾತಾಡಿ ರೂಢಿಯಿಲ್ಲ. ಈಗಲೂ ಎತ್ತರಿಸಲಿಲ್ಲ. "ಮೊದ್ಲು ಒಂದು ಹೇಳಿ. ಆ ವೇನ್ ಹಾಕಿದ್ದು ಯಾರು?"

"ಇವತ್ತು ಅದನ್ನೆಲ್ಲ ಮಾತಾಡೋ ದಿನ ಅಲ್ಲಮ್ಮ."

"ಮತ್ತೆ ಯಾವತ್ತು? ನಮ್ಮಪ್ಪ ಇನ್ನೊಂದು ಸಲ ಸಾಯ್ತಾರಾ?"

ಮ್ಯಾನೇಜರ್ ಕಾಗದವನ್ನು ಮಡಚಿದ, ಮತ್ತೆ ಬಿಚ್ಚಿದ. "ವರದಿಯಲ್ಲಿ ಸ್ಪಷ್ಟವಾಗಿದೆ. ಜೋಡಣೆಯಲ್ಲಿ ಅಜಾಗರೂಕತೆ. ಸಾಕ್ಷಿಯ ಸಹಿ ಕೂಡ ಇದೆ."

"ಆ ಸಹಿ ನಂದು," ಎಂದ ಗಿಡ್ಡ.

ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ಹಿಂದೆ ನಿಂತವರು "ಏನಂದ, ಏನಂದ" ಎಂದು ಕೇಳಿದರು. ಅವನು ಮತ್ತೆ ಹೇಳಬೇಕಾಯಿತು.

"ವೇನ್ ಹಾಕಿದ್ದೂ ನಾನೇ. ಮೇಸ್ತ್ರಿ ಊಟಕ್ಕೆ ಹೋದಾಗ ಇವರು ಬಂದು ಹಾಕು ಅಂದ್ರು, ಹಾಕ್ದೆ. ಆಮೇಲೆ ಸಹಿ ಹಾಕು ಅಂದ್ರು. ಅದನ್ನೂ ಹಾಕ್ದೆ."

*

ನಿಂತುಹೋದ ಪಂಪನ್ನು ಎಲ್ಲರೆದುರು ಬಿಚ್ಚಿದವನು ಮೇಸ್ತ್ರಿಯೇ. ಅವಸರ ಅವಸರ ಎಂದು ಮ್ಯಾನೇಜರ್ ತಲೆಯ ಮೇಲೆ ನಿಂತಿದ್ದರೂ ಮುಚ್ಚಳಕ್ಕೆ ಸುತ್ತಿಗೆ ತಾಗಿಸಲಿಲ್ಲ. ಒಂದು ವೇನ್ ಮೂರು ಚೂರಾಗಿತ್ತು. ಗೂಡಿನ ಒಳಮೈ ಉದ್ದಕ್ಕೂ ಗೀರಿಹೋಗಿತ್ತು. ಉಳಿದ ಎರಡನ್ನು ಹೊರಗೆಳೆದು ಬೆಳಕಿಗೆ ಹಿಡಿದ. ಒಂದರ ಓರೆ ಅಂಚು ತಿರುಗುಮುರುಗಾಗಿ ಕೂತಿತ್ತು. ಹತ್ತೊಂಬತ್ತು ವರ್ಷದಲ್ಲಿ ಹತ್ತಾರು ಸಲ ತಿದ್ದಿದ್ದ ತಪ್ಪು ಅದು. ಗಡಿಬಿಡಿಯಾದಾಗಲೆಲ್ಲ ಗಿಡ್ಡ ಹಾಗೇ ಇಡುತ್ತಿದ್ದ.

ಮೇಸ್ತ್ರಿ ತಲೆಯೆತ್ತಿ ಅವನನ್ನು ನೋಡಿದ. ಗಿಡ್ಡ ಗೋಡೆ ನೋಡುತ್ತಿದ್ದ.

"ಯಾರ ಕೈಕೆಲಸ ಇದು?" ಎಂದು ಮ್ಯಾನೇಜರ್ ಎಲ್ಲರಿಗೂ ಕೇಳುವಂತೆ ಗದರಿದ.

"ಮಾಲೇ ತಪ್ಪು. ಯಾರು ಹಾಕಿದ್ರೂ ಒಡೀತಿತ್ತು," ಎಂದ ಮೇಸ್ತ್ರಿ. ಅದಕ್ಕಿಂತ ಹೆಚ್ಚಿಗೆ ಒಂದಕ್ಷರ ಅವನ ಬಾಯಿಂದ ಬರಲಿಲ್ಲ. ಮಾರನೆಯ ದಿನ ವರದಿಯಲ್ಲಿ ಅವನ ಹೆಸರೇ ಬಂತು, ಅವನನ್ನು ಗೇಟಿಗೆ ಹಾಕಿದರು.

*

"ಅವರಿಗೆ ಗೊತ್ತಿತ್ತು," ಎಂದ ಗಿಡ್ಡ. "ಕೇಳ್ಲೇ ಇಲ್ಲ ನನ್ನನ್ನ. ಒಂದು ದಿನವೂ."

"ಪ್ರತಿ ವಾರ ಮನೆಗೆ ಬಂದೆ," ಎಂದಳು ಹೆಂಡತಿ. "ನನ್ನ ಕೈಯಲ್ಲಿ ಟೀ ಮಾಡಿಸ್ಕೊಂಡು ಕುಡ್ದೆ. ಪಂಪುಮನೆ ಹೇಗಿದೆ ಅಂತ ಅವರು ಕೇಳ್ತಿದ್ರು, ಚೆನ್ನಾಗಿದೆ ಮೇಸ್ತ್ರಿ ಅಂತಿದ್ದೆ. ಅವರು ರಾತ್ರಿಯೆಲ್ಲ ಗೋಡೆ ಕಡೆ ತಿರುಗಿ ಮಲಗ್ತಿದ್ರು ಕಣೋ. ನಾನು ನನ್ನ ಮೇಲೆ ಸಿಟ್ಟೇನೋ ಅಂದ್ಕೊಂಡಿದ್ದೆ."

"ಅತ್ತಿಗೆ..."

"ಅತ್ತಿಗೆ ಅನ್ಬೇಡ."

ಮಗಳು ಗುಂಡಿಯ ಕಡೆ ನೋಡಿದಳು. ಅಪ್ಪನ ಮೇಲೂ ಕೋಪ ಬಂತು ಅವಳಿಗೆ, ಎಲ್ಲರಿಗಿಂತ ಹೆಚ್ಚು ಅವನ ಮೇಲೆಯೇ. ಇವನ ಮಾನ ಉಳಿಸಲು ಹೋಗಿ ನಮ್ಮನ್ನೆಲ್ಲ ಕತ್ತಲಲ್ಲಿ ಇಟ್ಟೆಯಲ್ಲ. ಅದನ್ನು ಅವನಿಗೆ ಹೇಳುವ ದಾರಿ ಇನ್ನಿರಲಿಲ್ಲ. ಅವಳು ಮ್ಯಾನೇಜರನ ಕೈಯಿಂದ ಕಾಗದ ಕಿತ್ತುಕೊಂಡು, ಹಿಂಬದಿಯ ಖಾಲಿ ಮಗ್ಗುಲನ್ನು ಮೇಲೆ ಮಾಡಿ ಗಿಡ್ಡನ ಮುಂದೆ ಹಿಡಿದಳು.

"ಈಗ ಹೇಳಿದ್ದನ್ನೇ ಬರೀರಿ ಚಿಕ್ಕಪ್ಪ. ಕೆಳಗೆ ಸಹಿ ಹಾಕಿ. ಹೇಗೂ ರೂಢಿ ಇದೆ ನಿಮಗೆ."

ವೆಲ್ಡರ್ ಪೆನ್ನು ಕೊಟ್ಟ, ಬೆನ್ನು ಬಗ್ಗಿಸಿ ನಿಂತ. ಗಿಡ್ಡ ಆ ಬೆನ್ನ ಮೇಲೆ ಕಾಗದವಿಟ್ಟು ಬರೆದ. ಮ್ಯಾನೇಜರ್ "ಇದಕ್ಕೆಲ್ಲ ಬೆಲೆ ಇಲ್ಲ" ಎಂದು ಕಾರಿನ ಕಡೆ ನಡೆದ. ಯಾರೂ ಅವನ ಹಿಂದೆ ಹೋಗಲಿಲ್ಲ. ಮಧ್ಯಾಹ್ನದ ಪಾಳಿಗೆ ಕರೆದೊಯ್ಯಲು ಬಂದಿದ್ದ ಬಸ್ಸು ಎರಡು ಸಲ ಹಾರನ್ ಹೊಡೆಯಿತು. ಅದಕ್ಕೂ ಯಾರೂ ತಿರುಗಲಿಲ್ಲ.

ಸಲಿಕೆ ಒಂದೇ ಇತ್ತು. ವೆಲ್ಡರ್ ಹತ್ತು ಸಲ ಮಣ್ಣೆಳೆದು ಪಕ್ಕದವನಿಗೆ ಕೊಟ್ಟ, ಅವನು ಇನ್ನೊಬ್ಬನಿಗೆ. ಗಿಡ್ಡ ಕೈ ಚಾಚಿ ನಿಂತಿದ್ದ. ಸಲಿಕೆ ಅವನನ್ನು ದಾಟಿ ಮಗಳ ಕೈಗೆ ಹೋಯಿತು. ಸ್ವಲ್ಪ ಹೊತ್ತು ನೋಡಿ ಅವನು ಮೊಣಕಾಲೂರಿ, ಎರಡೂ ತೋಳಿನಿಂದ ಮಣ್ಣನ್ನು ಗುಂಡಿಗೆ ದಬ್ಬತೊಡಗಿದ. ಅವಳು ತಡೆಯಲಿಲ್ಲ. ಸಲಿಕೆಯನ್ನೂ ಕೊಡಲಿಲ್ಲ.