ಅಪ್ಪ ತುಂಬಿದ ತೋಟಾ

ಗುಂಡು ಹಾರಿದ ಮೇಲೆ ರೈಫಲ್ಲಿನ ಹಿಂಭಾಗವನ್ನು ಚಿಲಕದಂತೆ ಮುಚ್ಚುವ ಬೋಲ್ಟು ಮೇಲೇಳಲಿಲ್ಲ. ಟ್ವೈಲಾ ಹಾಗನ್ ಹಿಡಿಯನ್ನು ಎತ್ತಿ ನೋಡಿದಳು, ಜಗ್ಗಿ ನೋಡಿದಳು, ಕೊನೆಗೆ ಅಂಗೈಯಿಂದ ಗುದ್ದಿದಳು. ಆಗ ಅದು ಕಿರ್ರೆಂದು ಎದ್ದು ಖಾಲಿ ತೋಟಾವನ್ನು ಹೊರಗೆ ಉಗುಳಿತು. ಇದು ಎಂದಿನ ಒದೆತವಲ್ಲ ಎಂದು ಅವಳ ಭುಜಕ್ಕೆ ಗೊತ್ತಾಗಿತ್ತು, ಮನಸ್ಸು ಮಾತ್ರ ಒಪ್ಪಲಿಲ್ಲ. ಚಳಿಗೆ ಎಣ್ಣೆ ಗಟ್ಟಿಯಾಗಿರಬೇಕು ಅಂದುಕೊಂಡು ಪೆಟ್ಟಿಗೆಯಿಂದ ಇನ್ನೊಂದು ತೋಟಾ ತೆಗೆದಳು. ತೋಟಾದಲ್ಲೇ ದೋಷವಿರಬಹುದು ಎಂಬ ಯೋಚನೆ ಹತ್ತಿರಕ್ಕೂ ಸುಳಿಯಲಿಲ್ಲ. ಅದನ್ನು ತುಂಬಿದ್ದು ಅವಳ ಅಪ್ಪ.

"ಏ ಟ್ವೈಲಾ! ಕೈ ತೆಗಿ! ಒಳಗೆ ಹಾಕ್ಬೇಡ ಅದನ್ನ!"

ಪಕ್ಕದ ಮೇಜಿನಿಂದ ಕೂಗಿದವನು ಲೈಲ್ ಪ್ರೂಯಿಟ್. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾಗುವ ಮುಂಚಿನ ವಾರ ಮೊಂಟಾನಾದ ಆ ಕಣಿವೆಯ ಜನರೆಲ್ಲ ಹಳೆಯ ಜಲ್ಲಿ ಕ್ವಾರಿಗೆ ಬಂದು ಕೋವಿಯ ಗುರಿ ಸರಿಮಾಡಿಕೊಳ್ಳುತ್ತಾರೆ. ಲೈಲ್ ಅಂತೂ ಅಲ್ಲೇ ಬೀಡುಬಿಡುತ್ತಾನೆ. ಊರವರು ಹೊಡೆದ ಎಲ್ಕನ್ನೆಲ್ಲ ಕಡಿದು ಪಾಲು ಮಾಡಿಕೊಡುವ ಕಸಾಯಿ ಅವನು, ನಾಲಿಗೆಯೂ ಕತ್ತಿಯಷ್ಟೇ ಹರಿತ.

ಅವನು ಬಗ್ಗಿ ಖಾಲಿ ತೋಟಾವನ್ನು ಎತ್ತಿಕೊಂಡು ಬುಡ ನೋಡಿದ. ಮದ್ದಿಗೆ ಕಿಡಿ ಹೊತ್ತಿಸುವ, ದುಂಡಗಿರಬೇಕಾದ ಕೇಪು ಅಂಚಿನವರೆಗೆ ಚಪ್ಪಟೆಯಾಗಿ ಹರಡಿಕೊಂಡಿತ್ತು, ಒಳಗೆ ಮದ್ದಿನ ಒತ್ತಡ ಮಿತಿಮೀರಿದ ಗುರುತು.

"ಏನಮ್ಮಾ, ನೀನು ಓಡ್ಸೋ ಸ್ಕೂಲ್ ಬಸ್ಸನ್ನೇನಾದ್ರೂ ಇದರ ಮೇಲೆ ಹತ್ಸಿದ್ಯಾ?" ಎಂದು ನಗಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. "ಯಾರು ತುಂಬಿದ್ದು?"

"ಅಪ್ಪ."

ಲೈಲ್ ಬಾಯಿ ಮುಚ್ಚಿಕೊಂಡ. ಲೈಲ್ ಬಾಯಿ ಮುಚ್ಚಿಕೊಂಡದ್ದನ್ನು ಟ್ವೈಲಾ ಅದುವರೆಗೆ ಕಂಡಿರಲಿಲ್ಲ.

"ಕೋವಿ ಒಡೆದಿದ್ರೆ ಆ ಬೋಲ್ಟು ಬಂದು ಕೂರ್ತಿದ್ದದ್ದು ನಿನ್ನ ಕಣ್ಣಲ್ಲಿ," ಎಂದ ಅವನು ದನಿ ತಗ್ಗಿಸಿ. "ಎಷ್ಟು ಸಲ ಬಡ್ಕೊಂಡಿದೀನಿ ನಾನು? ಬೇರೆಯವರು ತುಂಬಿದ ತೋಟಾ, ಬೇರೆಯವರು ಹಲ್ಲುಜ್ಜಿದ ಬ್ರಷ್ಷು, ಎರಡನ್ನೂ ಮುಟ್ಬಾರ್ದು. ಕೂತ್ಕೊಂಡು ನಿಂದು ನೀನು ತುಂಬೋದು ಕಲಿ."

"ಅಪ್ಪನ ಹತ್ರ ಹೋಗಿ 'ಏಳು, ಜಾಗ ಬಿಡು' ಅನ್ಲಾ?"

"ಅನ್ನು. ಇಲ್ಲಾಂದ್ರೆ ಒಂದಿನ ನಾನೇ ಬಂದು ಅವನನ್ನ ಎತ್ತಿ ಸ್ಟ್ರೆಚರ್ ಮೇಲೆ ಹಾಕ್ಬೇಕಾಗತ್ತೆ."

ಟ್ವೈಲಾ ರೈಫಲ್ಲನ್ನೂ ಪೆಟ್ಟಿಗೆಯನ್ನೂ ಪಿಕಪ್ಪಿಗೆ ಹಾಕಿಕೊಂಡು ಅಪ್ಪನ ಮನೆಯ ಕಡೆ ಹೊರಟಳು. ಅವಳು ಕಲಿಯದೇ ಉಳಿದದ್ದು ಸೋಮಾರಿತನದಿಂದಲ್ಲ. ಅವಳ ರೈಫಲ್ಲು ಅಜ್ಜನ ಕಾಲದ್ದು, ಅದರ ಅಳತೆಯ ತೋಟಾ ಪೇಟೆಯ ಅಂಗಡಿಯಲ್ಲಿ ಸಿಗುವುದೇ ಅಪರೂಪ. ಕೈಯಲ್ಲಿ ತುಂಬುವುದೊಂದೇ ದಾರಿ. ಆದರೆ ಅವಳ ಅಪ್ಪ ಎಮ್ಮೆಟ್ ಹಾಗನ್ ಮಗಳ ತಲೆ ಸವರಿದವನಲ್ಲ, ಹುಟ್ಟುಹಬ್ಬಕ್ಕೆ ಒಂದು ಮಾತು ಆಡಿದವನಲ್ಲ. ಅವಳು ಗಂಡನನ್ನು ಬಿಟ್ಟು ಊರಿಗೆ ಮರಳಿದ ದಿನ ಕೂಡ "ಬ್ರೇಕು ಸದ್ದು ಮಾಡ್ತಿದೆ, ನೋಡಿಸ್ಕೋ" ಎಂದಷ್ಟೇ ಹೇಳಿದ್ದ. ಪ್ರತಿ ಶರತ್ಕಾಲದಲ್ಲಿ ಮಾತ್ರ, ತಪ್ಪದೆ, ಅವಳ ಬಾಗಿಲ ಬಳಿ ಒಂದು ಪೆಟ್ಟಿಗೆ ಬಂದು ಕೂರುತ್ತಿತ್ತು. ಪ್ರತಿಯೊಂದು ತೋಟಾವನ್ನೂ ತೂಗಿ, ಒರೆಸಿ, ಸಾಲಾಗಿ ನಿಲ್ಲಿಸಿದ ಪೆಟ್ಟಿಗೆ. ಅದು ಅವನ ಪ್ರೀತಿ ಎಂದು ಅವಳು ಯಾವತ್ತೋ ಅರ್ಥಮಾಡಿಕೊಂಡಿದ್ದಳು. ತಾನೇ ತುಂಬಲು ಕಲಿತರೆ ಆ ಪೆಟ್ಟಿಗೆ ಬರುವುದು ನಿಲ್ಲುತ್ತದೆ. ಕಲಿಯದಿದ್ದರೆ ಇವತ್ತು ಕ್ವಾರಿಯಲ್ಲಿ ಆದದ್ದು ನಾಳೆ ಬೆಟ್ಟದ ಮೇಲೆ ಆಗುತ್ತದೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪವಾಗಿತ್ತು ಅವಳಿಗೆ ಈ ವಿಷಯ.

ಅವಳೊಬ್ಬಳ ಮಾತಾದರೂ ಆಗಿದ್ದರೆ! ಬೇರೆಯವರು ಹಬ್ಬಕ್ಕೆ ಜಾಮ್ ಹಂಚುವ ಹಾಗೆ ಎಮ್ಮೆಟ್ ತೋಟಾ ಹಂಚುತ್ತಿದ್ದ. ಕೇಳಿದವರಿಗೂ ಕೊಡುತ್ತಿದ್ದ, ಕೇಳದವರಿಗಂತೂ ಖಂಡಿತ ಕೊಡುತ್ತಿದ್ದ.

ಗ್ಯಾರೇಜಿನ ಒಲೆಯಲ್ಲಿ ಕಟ್ಟಿಗೆ ಉರಿಯುತ್ತಿತ್ತು. ಎಮ್ಮೆಟ್ ಬೆಂಚಿನ ಮುಂದೆ ತನ್ನ ಸ್ಟೂಲಿನ ಮೇಲೆ ಕೂತು ಖಾಲಿ ತೋಟಾಗಳ ಕತ್ತು ಉಜ್ಜುತ್ತಿದ್ದ. ಮರದ ಮಿಲ್ಲಿನಲ್ಲಿ ಗರಗಸ ಹರಿತ ಮಾಡಿಯೇ ಮುದುಕನಾದವನು, ಕೂದಲೆಳೆಯ ವ್ಯತ್ಯಾಸವನ್ನೂ ಬೆರಳಿನಿಂದ ಹೇಳಬಲ್ಲೆ ಎಂಬ ಜಂಬ ಅವನಿಗೆ. ಜಂಬ ಸುಳ್ಳೇನೂ ಆಗಿರಲಿಲ್ಲ. ಈಚೆಗೆ ಬೆರಳು ಸರಿಯಿದ್ದರೂ ನೆನಪು ಕೈಕೊಡುತ್ತಿತ್ತು, ಅಷ್ಟೇ.

"ಗುಂಡು ಗುರಿಗಿಂತ ಎಷ್ಟು ಮೇಲೆ ಬಿತ್ತು?" ಎಂದ ತಲೆಯೆತ್ತದೆ.

"ನೋಡ್ಲಿಲ್ಲ. ಬೋಲ್ಟು ಕಚ್ಕೊಂಡ್ಬಿಡ್ತು." ರೈಫಲ್ಲು ಕೈಯಲ್ಲಿ ಹಿಡಿದೇ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಚಪ್ಪಟೆಯಾದ ಕೇಪು ಕಾಣುವಂತೆ ಖಾಲಿ ತೋಟಾವನ್ನು ಅವನ ಮುಂದಿಟ್ಟಳು.

ಎಮ್ಮೆಟ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ನೋಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. "ಕೊಳಕು ಕೋವಿ," ಎಂದ. "ವರ್ಷ ಪೂರ್ತಿ ಒರೆಸ್ದೆ ಮೂಲೆಗೆ ಒರಗಿಸ್ತೀಯ. ಆಮೇಲೆ ಬಂದು ನನ್ನ ತೋಟಾಗೆ ಹೆಸರಿಡ್ತೀಯ."

ಟ್ವೈಲಾ ಇನ್ನೂ ಹತ್ತಿರಕ್ಕೆ ಬಂದಳು. ಅವಳ ಕಣ್ಣು ಬೆಂಚಿನ ಮೇಲೆ ನೆಟ್ಟಿತ್ತು. ಮದ್ದು ಅಳೆಯುವ ಯಂತ್ರದ ಪಕ್ಕದಲ್ಲಿ ಮದ್ದಿನ ಎರಡು ಡಬ್ಬಿಗಳಿದ್ದವು. ಎರಡರ ಮುಚ್ಚಳವೂ ತೆರೆದಿತ್ತು.

"ಅಪ್ಪ, ಎರಡು ಡಬ್ಬಿ ಇದೆ ಇಲ್ಲಿ."

"ಇದ್ರೆ?"

"ಒಂದು ಡಬ್ಬಿ ಬೀರು ಒಳಗೆ ಹೋಗದೆ ಇನ್ನೊಂದು ಹೊರಗೆ ಬರ್ಬಾರ್ದು ಅಂತ ನೀನೇ ಹೇಳ್ತಿದ್ದದ್ದು. ಅದಕ್ಕೆ ನಂಗೆ ಏಟೂ ಬಿದ್ದಿದೆ."

"ನಿನ್ನ ತೋಟಾ ತುಂಬಿದಾಗ್ಲಿಂದ ಅಲ್ಲೇ ಇದೆ. ಯಂತ್ರಕ್ಕೆ ಹಾಕಿದ್ದು ಒಂದೇ."

"ಯಾವುದನ್ನ?"

ಎಮ್ಮೆಟ್ ಒಂದು ಡಬ್ಬಿಯ ಕಡೆ ಕೈ ಚಾಚಿದ, ನಡುವೆ ತಡೆದ, ಇನ್ನೊಂದರ ಕಡೆ ನೋಡಿದ. ಅವನ ಕಿವಿಗಳು ಕೆಂಪಾದವು. "ಆ ಲೈಲ್ ತಾನೇ ನಿನ್ನ ತಲೆಗೆ ತುಂಬಿ ಕಳ್ಸಿರೋದು? ಅವನು ಹುಟ್ಟೋ ಮುಂಚೆಯಿಂದ ತೋಟಾ ತುಂಬ್ತಿದೀನಿ ನಾನು!"

ಲೈಲ್ ಅವನಿಗಿಂತ ಬಹಳವೇನೂ ಚಿಕ್ಕವನಲ್ಲ. ಆದರೆ ಎಮ್ಮೆಟ್ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಅವನು ಎದ್ದು, ಮಗಳ ಕೈಯಲ್ಲಿದ್ದ ರೈಫಲ್ಲನ್ನು ಕಿತ್ತುಕೊಂಡ, ಪೆಟ್ಟಿಗೆಯಿಂದ ಒಂದು ತೋಟಾ ಹೆಕ್ಕಿದ. "ಬಾ, ತೋರಿಸ್ತೀನಿ," ಎನ್ನುತ್ತ ಹಿಂಬಾಗಿಲಿನಿಂದ ಹೊರಗೆ ನಡೆದೇಬಿಟ್ಟ.

ಗ್ಯಾರೇಜಿನ ಹಿಂದೆ ಮಣ್ಣಿನ ದಿಬ್ಬವಿತ್ತು, ಅವನು ಗುರಿ ಹಿಡಿಯುತ್ತಿದ್ದ ಜಾಗ. ಟ್ವೈಲಾ ಓಡಿ ಹೋಗುವಷ್ಟರಲ್ಲಿ ತೋಟಾ ಒಳಗೆ ಹೋಗಿ ಬೋಲ್ಟು ಮುಚ್ಚಿತ್ತು, ಕೋವಿ ಭುಜಕ್ಕೇರಿತ್ತು. ಕೂಗಿದರೆ ಅವನು ಕೇಳುವವನಲ್ಲ. ಕಿತ್ತಾಡಿದರೆ ಬೆರಳು ಕೋವಿಯ ಕುದುರೆಗೆ ತಗುಲಿ ಗುಂಡು ಹಾರೀತು. ಆಮೇಲೆ ಎಷ್ಟೋ ಸಲ ಯೋಚಿಸಿದರೂ ಆ ಹೊತ್ತಿಗೆ ತನಗೆ ಅಂಥ ಬುದ್ಧಿ ಎಲ್ಲಿಂದ ಬಂತೆಂದು ಅವಳಿಗೆ ತಿಳಿಯಲಿಲ್ಲ. ಮೆಲ್ಲನೆ ಅವನ ಪಕ್ಕಕ್ಕೆ ಹೋಗಿ ನಿಂತು, ಕತ್ತು ಬಾಗಿಸಿ, ತನ್ನ ಕೆನ್ನೆಯನ್ನು ಬೋಲ್ಟಿನ ಹತ್ತಿರಕ್ಕೆ ತಂದಳು.

"ಸರಿ ಅಪ್ಪ. ಹಾರಿಸು."

"ಆಚೆ ಹೋಗು."

"ಯಾಕೆ? ಕೊಳಕು ಇರೋದು ಕೋವಿಲಿ ತಾನೆ? ನಿನ್ನ ತೋಟಾಗೇನಾಗಿದೆ?"

"ಟ್ವೈಲಾ. ಆಚೆ ಹೋಗು ಅಂದೆ."

"ನೀನು ಯಂತ್ರಕ್ಕೆ ಹಾಕಿದ್ದು ಯಾವ ಡಬ್ಬಿದು ಅಂತ ನಿಂಗೆ ಗೊತ್ತಿದ್ರೆ ಹಾರಿಸು. ನಾನು ಕದಲಲ್ಲ."

ಅಪ್ಪನ ಹಠವನ್ನು ಬಲ್ಲ ಅವಳಿಗೆ ಅವನು ಹಾರಿಸುವುದಿಲ್ಲ ಎಂಬ ಭರವಸೆ ಕಿಂಚಿತ್ತೂ ಇರಲಿಲ್ಲ. ಅವನ ಉಸಿರಿನಲ್ಲಿದ್ದ ಕಾಫಿಯ ವಾಸನೆ ಅವಳ ಮೂಗಿಗೆ ಬಡಿಯುತ್ತಿತ್ತು. ಅವನ ಕಣ್ಣು ಗುರಿಯನ್ನು ಬಿಟ್ಟು ಅವಳ ಕಡೆ ಹೊರಳಿತು, ಮತ್ತೆ ಗುರಿಗೆ ಹೋಯಿತು, ಮತ್ತೆ ಅವಳ ಕಡೆ ಬಂತು. ದಿಬ್ಬದ ಮೇಲೆ ಒಂದು ಕಾಗೆ ಕೂಗಿ ಹಾರಿಹೋಯಿತು.

ಎಮ್ಮೆಟ್ ಕೋವಿ ಇಳಿಸಿದ. ಬೋಲ್ಟು ತೆರೆದು ತೋಟಾ ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ಥೂ! ನಿಮ್ಮಮ್ಮನೂ ಹಿಂಗೇ," ಎಂದ. "ಬಾ. ಬಿಚ್ಚಿ ನೋಡೋಣ."

ತೋಟಾ ಬಿಚ್ಚಲು ಪ್ಲಾಸ್ಟಿಕ್ಕಿನ ಟೊಳ್ಳು ಸುತ್ತಿಗೆಯಿದೆ. ತೋಟಾವನ್ನು ಅದರ ತಲೆಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡೂ ಮದ್ದೂ ಬಿಟ್ಟುಕೊಳ್ಳುತ್ತವೆ. ಟ್ವೈಲಾ ಬಡಿದಳು, ಎಮ್ಮೆಟ್ ಒಂದೊಂದರ ಮದ್ದನ್ನೂ ಬಿಳಿ ತಟ್ಟೆಗೆ ಸುರುವಿ ಕನ್ನಡಕ ಏರಿಸಿದ. ಮೊದಲು ಬಿಚ್ಚಿದ್ದರಲ್ಲಿ ಮದ್ದಿನ ಕಡ್ಡಿಗಳು ಉದ್ದವಾಗಿದ್ದವು, ಇರಬೇಕಾದ್ದೇ ಹಾಗೆ. "ನೋಡ್ದ್ಯಾ?" ಎಂದ ಅವನು, ದನಿಯಲ್ಲಿ ಹಳೆಯ ಜಂಬ ಇಣುಕಿತು. ಮುಂದಿನದೂ ಸರಿಯಿತ್ತು. ಅದರ ಮುಂದಿನದರಲ್ಲಿ ಉದ್ದ ಕಡ್ಡಿಗಳ ನಡುವೆ ಮೊಟಕು ಕಡ್ಡಿಗಳು ಬೆರೆತಿದ್ದವು. ಅದು ಇನ್ನೊಂದು ಡಬ್ಬಿಯದು, ಭಗ್ಗನೆ ಉರಿಯುವ ಮದ್ದು, ಬೇರೆ ಕೋವಿಯದು, ಈ ರೈಫಲ್ಲನ್ನು ಒಡೆದುಹಾಕುವಂಥದ್ದು. ಎಮ್ಮೆಟ್ ತಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ.

ಕೊನೆಗೆ, ಅವನು ಹಾರಿಸಲು ಹೊರಟಿದ್ದ ತೋಟಾವನ್ನು ಬಿಚ್ಚಿದರು. ತಟ್ಟೆಗೆ ಬಿದ್ದದ್ದು ಬರೀ ಮೊಟಕು ಕಡ್ಡಿಗಳು. ಒಂದೇ ಒಂದು ಉದ್ದನೆಯದಿರಲಿಲ್ಲ.

ಟ್ವೈಲಾ ತಟ್ಟೆಯನ್ನು ನೋಡಿದಳು, ಅಪ್ಪನ ಮುಖವನ್ನು ನೋಡಿದಳು. ಬೆಂಚಿನ ಅಂಚನ್ನು ಹಿಡಿದುಕೊಂಡಳು.

"ನೆನಪಿಲ್ಲ ನಂಗೆ," ಎಂದ ಎಮ್ಮೆಟ್. ಅವನ ಬಾಯಿಂದ ಆ ಮಾತು ಹೊರಟದ್ದನ್ನು ಅವಳು ಯಾವತ್ತೂ ಕೇಳಿರಲೇ ಇಲ್ಲ. "ತುಂಬೋ ಮಧ್ಯ ಎದ್ದು ಒಲೆಗೆ ಕಟ್ಟಿಗೆ ಹಾಕಿದ್ದೆ. ಬಂದು ಯಾವುದನ್ನ ಸುರಿದೆ ಅಂತ... ನೆನಪಿಲ್ಲ ಟ್ವೈಲಾ."

ಆಮೇಲೆ ಅವನಿಗೆ ಏನೋ ಹೊಳೆದು ಮುಖ ಬಿಳುಚಿತು. "ಲೈಲ್‌ಗೆ ಕೊಟ್ಟಿದೀನಿ. ನೊರೀನ್‌ಗೆ. ಪಾದ್ರಿಗೆ."

"ನಾನು ಫೋನ್ ಮಾಡ್ತೀನಿ."

"ತಪ್ಪು ನಂದು. ಬಾಯಿ ನಿಂದ್ಯಾಕೆ?"

ಅವನಿಗೆ ಕಿವಿ ಮಂದ, ಫೋನಿನ ಸ್ಪೀಕರ್ ಹಾಕಿ ಬೆಂಚಿನ ಮೇಲಿಟ್ಟ. ಮೊದಲು ಲೈಲ್. "ಲೈಲ್, ನಾನು ಎಮ್ಮೆಟ್. ನಾನು ಕೊಟ್ಟ ತೋಟಾ ಹಾರಿಸ್ಬೇಡ. ಮದ್ದು ಬೆರಕೆ ಮಾಡ್ಬಿಟ್ಟಿದೀನಿ." ಒಂದೊಂದು ಮಾತನ್ನೂ ಅವನು ಹಲ್ಲು ಕೀಳಿಸಿಕೊಂಡವನ ಹಾಗೆ ಆಡಿದ.

ಅತ್ತ ಕಡೆ ಲೈಲ್ ಕೆಮ್ಮಿದ. "ಅದು ಬೀರೂಲೇ ಇದೆ ಎಮ್ಮೆಟ್. ಚಿಂತೆ ಮಾಡ್ಬೇಡ."

"ಎಲ್ಲಾನೂ ಇದ್ಯಾ?"

"ಎಲ್ಲಾನೂ," ಎಂದು ಲೈಲ್ ಫೋನಿಟ್ಟ. ಅವನು ಒಂದೂ ಕುಟುಕು ಮಾತಾಡಲಿಲ್ಲ ಎಂಬುದೇ ಎಮ್ಮೆಟನಿಗೆ ಹೆಚ್ಚು ಚುಚ್ಚಿದಂತೆ ಕಂಡಿತು.

ದನ ಸಾಕಿಕೊಂಡಿದ್ದ ಒಂಟಿ ಹೆಂಗಸು ನೊರೀನ್ ಅಡುಗೆಮನೆಯಿಂದಲೇ ಕೂಗಿದಳು. "ಅಯ್ಯೋ, ಉಪ್ಪಿನ ಸೌತೆಕಾಯಿ ಬಾಟ್ಲಿ ಪಕ್ಕ ಹಾಗೇ ಇಟ್ಟಿದೀನಲ್ಲ! ಯಾಕೆ, ವಾಪಸ್ ಬೇಕಿತ್ತಾ?"

ಉಳಿದವರು ಪಾದ್ರಿ. ಸುಳ್ಳು ಹೇಳಬಾರದೆಂದು ಭಾನುವಾರವಿಡೀ ಊರಿಗೆ ಹೇಳುವ ಮನುಷ್ಯ. ಅವರು "ನಾನು ಹಾರಿಸಿಲ್ಲ ಎಮ್ಮೆಟ್," ಎಂದರು.

"ಹೋದ ವರ್ಷದವು?"

"ಅವನ್ನೂ ಇಲ್ಲ."

"ಚೆನ್ನಾಗಿ ನೆಟ್ಟಗೆ ಹೋದ್ವು ಅಂದಿದ್ರಿ?"

"ದೇವರು ನನ್ನ ಕ್ಷಮಿಸ್ಲಿ," ಎಂದರು ಪಾದ್ರಿ. "ನಿಮ್ಮ ಮೇಲೆ ಅಪನಂಬಿಕೆ ಅಂತಲ್ಲ. ಯಾರೇ ತುಂಬಿದ್ರೂ ನಾವ್ಯಾರೂ... ನಿಮ್ಗೆ ಗೊತ್ತಲ್ಲ."

ಗೊತ್ತಿತ್ತು. ಯಾರು ಕೊಟ್ಟ ತೋಟಾವನ್ನೂ ಎಮ್ಮೆಟ್ ತಾನೂ ಹಾರಿಸಿದವನಲ್ಲ. ತನ್ನದು ಮಾತ್ರ ಆ ಕಟ್ಟಳೆಗೆ ಹೊರತು ಎಂದುಕೊಂಡು ವರ್ಷ ವರ್ಷವೂ ತುಂಬಿದ್ದ, ಹಂಚಿದ್ದ, ಹೊಗಳಿಸಿಕೊಂಡು ಬೀಗಿದ್ದ. ಪಾಪ, ಅವರೂ ಒಳ್ಳೆಯ ಜನ. ಬೇಡ ಎಂದು ಅವನ ಮನಸ್ಸು ನೋಯಿಸಲಾರದೆ ಇಸಿದುಕೊಂಡು ಒಳಗಿಟ್ಟಿದ್ದರು.

"ಯಾರೂ ಹಾರಿಸಿಲ್ಲ," ಎಂದ ಎಮ್ಮೆಟ್.

"ಒಳ್ಳೇದೇ ಆಯ್ತಲ್ಲ ಅಪ್ಪ. ಯಾರಿಗೂ ಏನೂ ಆಗಲ್ಲ."

"ಒಂದು ವರ್ಷಾನೂ ಹಾರಿಸಿಲ್ಲ." ಅವನು ತಟ್ಟೆಯಲ್ಲಿದ್ದ ಮದ್ದನ್ನು ಬೆರಳಿನಿಂದ ಅತ್ತಿತ್ತ ಸರಿಸಿದ. "ಅಂದ್ರೆ ಇಡೀ ಕಣಿವೇಲಿ ನೀನೊಬ್ಳೇನಾ?"

"ಹೂಂ."

"ಬೇರೆಯವರು ತುಂಬಿದ್ದನ್ನ ಹಾರಿಸ್ಬಾರ್ದು ಅಂತ ಗೊತ್ತಿರ್ಲಿಲ್ವಾ ನಿಂಗೆ?"

"ಗೊತ್ತಿತ್ತು."

"ಮತ್ತೆ? ಕಣ್ಣು ಹೋಗಿದ್ರೆ? ಹುಚ್ಚೀನಾ ನೀನು?"

"ನೀನು ಬೇರೆಯವನಾ ಅಪ್ಪ?"

ಎಮ್ಮೆಟ್ ಅವಳನ್ನೇ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಒರೆಸುತ್ತಲೇ ಇದ್ದ.

"ಇವತ್ತಿಂದ ಹೌದು," ಎಂದ.

ಬೆಂಚಿಗೆ ಕೈಯೂರಿ ಸ್ಟೂಲಿನಿಂದ ಎದ್ದ. ಎದ್ದು ಪಕ್ಕಕ್ಕೆ ಸರಿದು ನಿಂತ, ಮಗಳು ಬರಲೆಂದು ಕಾದ. ಇಲ್ಲ ಅಪ್ಪ, ನೀನೇ ಕೂತ್ಕೋ ಅನ್ನುವ ಮಾತು ಟ್ವೈಲಾಳ ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡು ಅವಳು ಹೋಗಿ ಕೂತಳು. ಸ್ಟೂಲು ಇನ್ನೂ ಬೆಚ್ಚಗಿತ್ತು.