ಸೋರುವ ನಲ್ಲಿ

ಎವಾಂಥಿಯಾ ಎರಡನೆಯ ಹೂಜಿಯನ್ನು ಕಾಮಕಸ್ತೂರಿ ಗಿಡದ ಕುಂಡಕ್ಕೆ ಬಗ್ಗಿಸುತ್ತಿದ್ದಳು. ಒಳಗೆ ಶವಪೆಟ್ಟಿಗೆಯ ಮುಚ್ಚಳವನ್ನು ಇನ್ನೂ ಹಾಕಿರಲಿಲ್ಲ.

"ಬೀದಿಗೆ ಚೆಲ್ಲೇ ಅಂದ್ರೆ ಗಿಡಕ್ಕೆ ಹಾಕ್ತೀಯಲ್ಲ," ಎಂದಳು ಪಕ್ಕದ ಮನೆಯ ದೇಸ್ಪೋ ಅಜ್ಜಿ. "ಸಾವು ಬಂದು ಕತ್ತಿ ತೊಳ್ಕೊಂಡಿರೋ ನೀರು ಕಣೇ ಅದು. ಮನೇಲಿ ಒಂದು ತೊಟ್ಟೂ ಉಳೀಬಾರ್ದು."

"ಬೀದಿಗೆ ಚೆಲ್ಲಿದ್ರೆ ಅಕ್ಕ ಎದ್ದು ಕೂತ್ಕೋತಾಳೆ, ಅಜ್ಜಿ."

ಅಳುತ್ತಿದ್ದ ಹೆಂಗಸರೂ ನಕ್ಕರು. ತೀರಿಕೊಂಡ ಅಕ್ಕ, ಝಂಬೇತಾ, ಆ ದ್ವೀಪದ ಶಾಲೆಯ ಟೀಚರು; ಒಂದು ಹನಿಯೂ ಪೋಲಾಗಬಾರದೆಂದು ಮೂವತ್ತೊಂದು ವರ್ಷ ಮಕ್ಕಳಿಂದ ನೀರು ಅಳೆಯಿಸಿದವಳು. ಮನೆ ಶಾಲೆಯ ಹಿಂಭಾಗದಲ್ಲೇ ಇತ್ತು.

ಹೂಜಿ, ಕೊಡ, ಬೋಗುಣಿ ಎಲ್ಲ ಬರಿದಾದವು. ಅಂಗಳದ ನಲ್ಲಿಯ ಕೆಳಗಿನ ಗಾಜಿನ ಜಾಡಿ ಮಾತ್ರ, ಬಗ್ಗಿಸಿ ಇಟ್ಟ ಕೂಡಲೇ ಹನಿ ಬಿದ್ದು ಟಪ್ ಎಂದಿತು. ಮತ್ತೆ ಬಗ್ಗಿಸಿದಳು. ಟಪ್.

"ಈ ನಲ್ಲಿಗೆ ಸೂತಕ ಗೊತ್ತಿಲ್ಲ," ಎಂದು ಅಜ್ಜಿ ಗೊಣಗಿದಳು. "ಮಣ್ಣು ಮಾಡಿ ಬಂದ್ಮೇಲೆ ಮೊದ್ಲು ಇದನ್ನ ನಿಲ್ಲಿಸಿ."

*

ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಕಾಲು ಮುರಿದುಕೊಂಡಾಗ ಎವಾಂಥಿಯಾ ಒಂದು ಚಳಿಗಾಲದ ಮಟ್ಟಿಗೆಂದು ಬಂದಿದ್ದಳು. ಸಮುದ್ರದಾಚೆಯ ಪಿರೇಯಸ್ ಬಂದರಿನಲ್ಲಿ ಅವಳದೇ ಹೊಲಿಗೆ ಅಂಗಡಿಯಿತ್ತು. ಬಂದ ದಿನವೇ ನಲ್ಲಿ ಬಿಗಿಮಾಡಲು ಹೋದಳು.

"ಮುಟ್ಟಬೇಡ," ಎಂದಳು ಅಕ್ಕ. "ದ್ವೀಪದಲ್ಲಿ ಸೋರೋ ನಲ್ಲಿ ಇದೊಂದೇ. ಮಿಕ್ಕಿದ್ದೆಲ್ಲ ಮಕ್ಕಳೇ ಸರಿಮಾಡಿಸಿದಾರೆ. ಇದೂ ನಿಂತ್ರೆ ಪಾಠಕ್ಕೆ ಏನು ಎಣಿಸ್ತಾರೆ?"

"ಅದಕ್ಕೇ ಸೋರ್ಲಿ ಅಂತೀಯಾ?"

"ಸೋರಿದ್ದು ಜಾಡಿಗೆ, ಜಾಡೀದು ಗಿಡಕ್ಕೆ. ದಿನಕ್ಕೆ ಮೂರು ಸಲ ಜಾಡಿ ಮೇಲಿನ ಗುರುತು ನೋಡಿ, ಗೋಡೆ ಹಲಗೇಲಿ ಮಕ್ಕಳಿಂದ ಬರೆಸಿ ಬಗ್ಗಿಸೋರು ಒಬ್ರು ಬೇಕು, ಅಷ್ಟೆ."

ಆ ಒಬ್ಬಳು ಎವಾಂಥಿಯಾ ಆದಳು. ಭಾನುವಾರವಿಲ್ಲ, ಹಬ್ಬವಿಲ್ಲ. ಈಸ್ಟರ್‌ಗೆ ಪಿರೇಯಸ್‌ಗೆ ಹೋಗಿಬರುತ್ತೇನೆಂದರೆ, "ಜಾಡಿ ತುಂಬಿ ಚೆಲ್ಲಿದ್ರೆ ಮಕ್ಕಳಿಗೆ ಹೇಗೆ ಮುಖ ತೋರಿಸ್ಲಿ?" ಎನ್ನುವಳು ಅಕ್ಕ. ಹೊಲಿಗೆ ಅಂಗಡಿ ಬೇರೆಯವರ ಪಾಲಾಯಿತು. ಹನಿ ಹನಿ ಕೂಡಿದರೆ ಹಳ್ಳವಂತೆ. ಅವಳ ಪಾಲಿಗೆ ಸುತ್ತಲೂ ಸಮುದ್ರವೇ ಆಗಿತ್ತು. ಅಕ್ಕನ ಮೇಲೆ ಅವಳಿಗೆ ಸಿಟ್ಟಿತ್ತು. ಅಕ್ಕನನ್ನು ಬಿಟ್ಟರೆ ಬೇರೆ ಯಾರೂ ಇರಲೂ ಇಲ್ಲ.

*

ಸ್ಮಶಾನದಿಂದ ಬಂದವರು ಪಕ್ಕದ ಮನೆಯ ನೀರಿನಲ್ಲಿ ಕೈ ತೊಳೆದರು, ಅದೂ ಹನಿ ಚೆಲ್ಲದಂತೆ ಕೆಳಗೆ ಬೋಗುಣಿ ಹಿಡಿದು. ಎಲ್ಲರೂ ಝಂಬೇತಾಳ ಶಿಷ್ಯರೇ.

ನಾಲ್ಕು ಗಂಟೆಗೆ ಪಿರೇಯಸ್‌ಗೆ ಹಡಗು. ತಪ್ಪಿದರೆ ಮುಂದಿನ ವಾರ. ಎವಾಂಥಿಯಾಳ ಬಟ್ಟೆಯ ಪೆಟ್ಟಿಗೆ ಬಾಗಿಲ ಬಳಿ ಸಿದ್ಧವಿತ್ತು. ನಲ್ಲಿ ರಿಪೇರಿ ಮಾಡುವ ಸ್ತಾಮಾಟಿಸ್ ಕರಿಯ ಕೋಟಿನ ಜೇಬಿನಿಂದ ಪಾನಾ ತೆಗೆದ.

"ಎರಡು ನಿಮಿಷದ ಕೆಲಸ, ಚಿಕ್ಕಮ್ಮ. ಬಿಗಿ ಮಾಡ್ಲಾ?"

"ಮಾಡಪ್ಪ. ನಾನೂ ಹೊರಡಬೇಕು."

ಅವನು ತಿರುಗಿಸಿದ. ಟಪ್ ಟಪ್ ನಿಂತಿತು. ದೇಸ್ಪೋ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ಜಾಡಿಯನ್ನು ಬರಿದು ಮಾಡಿ ಬೋರಲು ಹಾಕಿದಳು.

"ನಡೀರಿ, ಪೆಟ್ಟಿಗೆ ನಾನು ತರ್ತೀನಿ," ಎಂದ ಸ್ತಾಮಾಟಿಸ್.

ಎವಾಂಥಿಯಾ ಹೊಸಿಲವರೆಗೆ ಹೋದಳು. ಹತ್ತೊಂಬತ್ತು ವರ್ಷದಲ್ಲಿ ಆ ಅಂಗಳ ಒಮ್ಮೆಯೂ ಅಷ್ಟು ಸದ್ದಡಗಿ ಕೂತಿರಲಿಲ್ಲ. ಅವಳು ನಲ್ಲಿಯ ಬಳಿಗೆ ತಿರುಗಿ ಬಂದಳು.

"ಆ ಪಾನಾ ಇಲ್ಲಿ ಕೊಡು."

"ಯಾಕೆ? ಸೋರ್ತಿಲ್ವಲ್ಲ."

ಬಂದರಿನಲ್ಲಿ ಹಡಗು ಕೂಗಿತು. ಅವಳು ನಲ್ಲಿಯನ್ನು ಅರ್ಧ ಸುತ್ತು ಸಡಿಲಿಸಿದಳು, ಜಾಡಿಯನ್ನು ನೆಟ್ಟಗೆ ಮಾಡಿ ಕೆಳಗಿಟ್ಟಳು. ಗಡಿಯಾರ ನೋಡಿ, ಗೋಡೆಯ ಹಲಗೆಯಲ್ಲಿ ಮಕ್ಕಳ ಅಕ್ಷರಗಳ ಕೆಳಗೆ ಸೀಮೆಸುಣ್ಣದಿಂದ ಬರೆದಳು: ನಾಲ್ಕು ಗಂಟೆ, ಸೊನ್ನೆ.