ತಗಡುಗಳ ಪಂಕ್ತಿ

ಖಂಡೇನವಮಿಯ ದಿನ ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ ರುದ್ರಾಣಿ ಅವರನ್ನೂ ಕೆಲಸದ ಜಾಗಕ್ಕೆ ಕರೆತಂದಳು. ಕಡಲಾಚೆಯ ಪುಕೆಕೊಹೆ ಊರಿನ ಈರುಳ್ಳಿ ಹೊಲಗಳ ಅಂಚಿಗೆ, ಬೇಲಿ ಹಾಕಿದ ತುಂಡು ಬಯಲು. ಭೂಮಧ್ಯರೇಖೆಯ ಕೆಳಗಿನ ಆ ನಾಡಿನಲ್ಲಿ ಬಿಸಿಲು ಬೀಳುವ ಉತ್ತರಕ್ಕೆ ಮುಖವೊಡ್ಡಿ ಬಿಳಿ ತಗಡುಗಳು ಸಾಲಾಗಿ ಒರಗಿದ್ದವು. ಒಂದೊಂದಕ್ಕೂ ಒಂದೊಂದು ಬಗೆಯ ಪಾಲಿಮರ್ ಲೇಪ. ಯಾವುದು ಬಿಸಿಲು ಮಳೆಗೆ ತಾಳುತ್ತದೆ, ಯಾವುದು ಸವೆದು ಪುಡಿಯೇಳುತ್ತದೆ ಎಂದು ನೋಡಬೇಕು. ರುದ್ರಾಣಿಯನ್ನೇ ನಂಬಿ ಕೊಟ್ಟ ಮೊದಲ ಪರೀಕ್ಷೆ ಇದು. ಎರಡು ವರ್ಷದಿಂದ ಅವುಗಳ ಮೇಲೆ ಒಂದು ಬೆರಳೂ ತಾಗದಂತೆ ಕಾಯ್ದಿದ್ದಳು.

ಕಾರಿನಿಂದ ಹೊಳಪು ಅಳೆಯುವ ಮೀಟರು ತರುವಷ್ಟರಲ್ಲಿ ಅತ್ತೆ ಚಂದ್ರವ್ವ ಕೊನೆಯ ತಗಡಿನ ಮೂಲೆಗೆ ಅರಿಶಿಣದ ಬೊಟ್ಟಿಡುತ್ತಿದ್ದರು.

"ಅತ್ತೀ! ಏನ್ ಮಾಡಾಕತ್ತೀರಿ?"

"ಖಂಡೆ ಪೂಜಿ ಅಲ್ಲೇನ ಇವತ್ತ? ನಿನ್ನ ಹೊಟ್ಟಿ ತುಂಬಸೂ ಸಾಮಾನಕ್ಕ ಒಂದ್ ಬಟ್ಟ ಅರಿಷಿಣ ಬ್ಯಾಡೇನ?"

"ಅವನ್ನ ಮುಟ್ಟಬಾರದ್ರಿ! ಎಲ್ಲಾ ಹಾಳಾತು. ನಿಮ್ಮನ್ನ ಕರಕೊಂಡ ಬರಬಾರದಿತ್ತು."

ಚಂದ್ರವ್ವ ಹಳದಿ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. "ತಡಿ, ಒರಸ್ತೀನಿ."

"ಒರಸಬ್ಯಾಡ್ರಿ! ಒರಸಿದ್ರ ಬಣ್ಣದ ಪುಡೀನೂ ಬರ್ತದ."

ಪರೀಕ್ಷೆ ಕೈತಪ್ಪಿತೆಂದೇ ಎಣಿಸಿ ರುದ್ರಾಣಿ ಮೇಲಧಿಕಾರಿ ತಾರಾಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ನಡೆದದ್ದನ್ನೆಲ್ಲ ಹೇಳಿದಳು. ಮೈಸೂರು ಕಡೆಯವರಾದ ತಾರಾ ಮೊದಲು ಲೆಕ್ಕ ಕೇಳಿದರು.

"ಎಷ್ಟಕ್ಕೆ ಹಚ್ಚಿದಾರೆ?"

ಉತ್ತರ ಕೊಟ್ಟವರು ಚಂದ್ರವ್ವ. "ಎಲ್ಲಾದಕ್ಕೂ ರೀ. ಒಂದಕ್ಕ ಹಚ್ಚಿ ಒಂದಕ್ಕ ಬಿಟ್ಟರ ಪಂಕ್ತಿಭೇದ ಆಗ್ತದಲ್ಲ?"

ತಾರಾ ಜೋರಾಗಿ ನಕ್ಕುಬಿಟ್ಟರು. "ಪಂಕ್ತಿಭೇದ ಆಗಿಲ್ಲ ಅಂದ್ರೆ ನಮ್ಮ ಅರ್ಧ ತಲೆನೋವು ಹೋಯ್ತು ಬಿಡಿ ಆಂಟಿ! ಎಲ್ಲಕ್ಕೂ ಒಂದೇ ಥರ ಆಗಿದ್ರೆ ಹೋಲಿಕೆ ಕೆಡಲ್ಲ. ರುದ್ರಾಣಿ, ಅಳತೆ ತಗೊಳ್ಳೋದು ನಡುವಿನಲ್ಲಿ ತಾನೇ? ಮೂಲೆ ಬಿಡು. ತೊಳೀಬೇಡ. ಫೋಟೊ ತೆಗೆದು, ಆಗಿದ್ದನ್ನ ಆಗಿದ್ದ ಹಾಗೇ ವರದಿಲಿ ಹಾಕು."

"ಟೆಸ್ಟ್ ನನ್ನ ಕೈಯಾಗ ಇರ್ತದೇನ್ರಿ ಮೇಡಂ?"

"ಮುಚ್ಚಿಡದೇ ಹೇಳಿದ್ಯಲ್ಲ. ಇನ್ಯಾರ ಕೈಗೆ ಕೊಡ್ಲಿ?"

ಫೋಟೊ ತೆಗೆದು ಮುಗಿಸಿದಾಗ ಚಂದ್ರವ್ವ ಕಾರಿನ ಪಕ್ಕ ನಿಂತಿದ್ದರು. ಕೈ ಇನ್ನೂ ಸೆರಗಿನೊಳಗೇ ಇತ್ತು. ಕರಕೊಂಡು ಬರಬಾರದಿತ್ತು ಎಂದದ್ದು ರುದ್ರಾಣಿಗೆ ನೆನಪಾಯಿತು. ಹತ್ತಿರ ಹೋಗಿ ಕೆನ್ನೆಯೊಡ್ಡಿದಳು.

"ಅತ್ತೀ, ಪಂಕ್ತಿಯೊಳಗ ಒಬ್ಬಾಕಿ ಉಳದಾಳ್ರಿ."

ಚಂದ್ರವ್ವ ಅವಳನ್ನೇ ನೋಡಿದರು. ಹಳದಿ ಬೆರಳು ಮೆಲ್ಲಗೆ ಹೊರಬಂತು.

"ಇದನ್ನರ ಮುಟ್ಟಬಹುದೇನವ್ವಾ?"